ದುಂಡಗೆ ಬರೆದರೆ ಬರಹ ಬಂದಂತೆಯೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ರಾಯಚೂರು ಸೀಮೆಯಲ್ಲಿ ಒಂದು ಮಾತು ಕೇಳಿಬರುತ್ತದೆ: ‘ನಮ್ಮ ಹುಡುಗ್ರಿಗೆ ಎಲ್ಲಾ ಗೊತ್ತದ, ಬರಿಯಾಕ ಬರಂಗಿಲ್ಲ.’ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಮಗುವನ್ನೋ ಮನೆಯನ್ನೋ ದೂರುವ ಮುಂಚೆ, ಬರಹ ಕಲಿಸುವ ಬಗ್ಗೆ ಬೇರೂರಿರುವ ಕೆಲವು ನಂಬಿಕೆಗಳನ್ನು ಪರೀಕ್ಷಿಸಬೇಕು. ಒಂದನೇ ಇಯತ್ತೆಯಲ್ಲಿ ಹಿಡಿದ ಈ ನಂಬಿಕೆಗಳು ಪದವಿ ಮುಗಿಯುವ ತನಕ ವಿದ್ಯಾರ್ಥಿಯ ಬೆನ್ನು ಬಿಡುವುದಿಲ್ಲ.

ನಂಬಿಕೆ: ಕಾಪಿ ಬರೆದು ಬರೆದು ಕೈ ಕುದುರಿದರೆ ಬರಹ ತಾನಾಗಿ ಬರುತ್ತದೆ.

ವಾಸ್ತವ: ಕೈ ಕುದುರಲೇಬೇಕು. ಅಕ್ಷರ ಮೂಡಿಸುವುದರಲ್ಲೇ ಗಮನವೆಲ್ಲ ಕಳೆದುಹೋದರೆ, ಏನು ಬರೆಯಬೇಕೆಂದು ಯೋಚಿಸಲು ಮಗುವಿಗೆ ಪುರುಸೊತ್ತಿರುವುದಿಲ್ಲ. ಆದರೆ ನೋಡಿ ಬರೆಯುವುದು ಬೇರೆ, ಯೋಚಿಸಿ ಬರೆಯುವುದು ಬೇರೆ. ಸಂಶೋಧಕಿ ಶೈಲಜಾ ಮೆನನ್ ಮತ್ತು ಸಂಗಡಿಗರು ಪಕ್ಕದ ಯಾದಗಿರಿಯಲ್ಲೂ ಮಹಾರಾಷ್ಟ್ರದ ಪಾಲ್ಘರ್‌ನಲ್ಲೂ ಕನ್ನಡ, ಮರಾಠಿ ಕಲಿಯುತ್ತಿದ್ದ ಮಕ್ಕಳ ಓದುಬರಹವನ್ನು ಮೂರು ವರ್ಷ ಗಮನಿಸಿ, 2017ರಲ್ಲಿ ವರದಿ ಹೊರತಂದರು. ಅವರು ಕಂಡ ತರಗತಿಗಳಲ್ಲಿ ಬರವಣಿಗೆ ಎಂದರೆ ಬಹುಮಟ್ಟಿಗೆ ಬೋರ್ಡನ್ನೋ ಪುಸ್ತಕವನ್ನೋ ನೋಡಿ ಇಳಿಸಿಕೊಳ್ಳುವುದೇ ಆಗಿತ್ತು. ತನ್ನ ಮಾತನ್ನು ತಾನೇ ಬರೆಯುವ ಅವಕಾಶ ಮಕ್ಕಳಿಗೆ ಸಿಕ್ಕಿದ್ದು ತೀರಾ ಕಡಿಮೆ. ಕಲಿಸದೇ ಬಿಟ್ಟದ್ದನ್ನು ಮಗುವಿಗೆ ಬರುವುದಿಲ್ಲ ಎನ್ನುವುದು ನ್ಯಾಯವಲ್ಲ.

ನಂಬಿಕೆ: ಮೊದಲು ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಮುಗಿಯಲಿ. ಸ್ವಂತ ವಾಕ್ಯ ಆಮೇಲೆ.

ವಾಸ್ತವ: ಕನ್ನಡದಲ್ಲಿ ಈ ‘ಆಮೇಲೆ’ ಬಹಳ ದೂರ ಹೋಗುತ್ತದೆ. ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೂ ಕಾಗುಣಿತದ ರೂಪಗಳು ನಾನೂರು ದಾಟುತ್ತವೆ, ಒತ್ತಕ್ಷರಗಳದ್ದು ಬೇರೆ ಲೆಕ್ಕ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಇಂಗ್ಲಿಷಿನ 26 ಅಕ್ಷರ ಕಲಿಯುವುದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿಯುತ್ತದೆ, ಕೆಲವು ವರ್ಷಗಳೇ ಬೇಕಾಗುತ್ತವೆ. ಎಲ್ಲ ಮುಗಿಯಲೆಂದು ಕಾದರೆ ಪ್ರಾಥಮಿಕ ಶಾಲೆಯೇ ಮುಗಿದಿರುತ್ತದೆ.

ಈ ಕಾಯುವಿಕೆಯನ್ನು ತಪ್ಪಿಸುವ ದಾರಿ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯವೆಲ್ಲ ಹಬ್ಬಿದ ನಲಿಕಲಿ ಬೋಧನಾ ಪದ್ಧತಿಯಲ್ಲಿ ಕಲಿಕೆ ಅ, ಆ, ಇ, ಈ ಕ್ರಮದಲ್ಲಿ ಸಾಗುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಐದೇ ಅಕ್ಷರಕ್ಕೆ ಅರಸ, ಅಗಸ, ದರ, ಸರ, ಗರಗಸ ಬರೆಯಬಹುದು. ಅಲ್ಲಿಂದ ಸ್ವಂತ ಮಾತಿಗೆ ದಾಟಿಸುವುದು ಮುಂದಿನ ಕೆಲಸ. ಎತ್ತಿನ ಚಿತ್ರ ಬರೆದು ಕೆಳಗೆ ‘ಅಪ ಎತು’ ಎಂದು ಗೀಚಿದ ಮಗುವನ್ನು ನೋಡಿ. ‘ಅಪ್ಪನ ಎತ್ತು’ ಎನ್ನುವುದು ಅದರ ಮನಸ್ಸಿನಲ್ಲಿದೆ, ದನಿಗಳು ಅದಕ್ಕೆ ಗೊತ್ತು, ‘ಎ’ ಎಲ್ಲಿ ಬರೆಯಬೇಕೆಂಬುದೂ ಗೊತ್ತು. ಬಾಕಿ ಇರುವುದು ಒತ್ತಕ್ಷರ ಮತ್ತು ‘ನ’ ಪ್ರತ್ಯಯ. ಶಾಲೆ ಸೇರದ ಮಕ್ಕಳು ತಾವೇ ಕಟ್ಟಿಕೊಳ್ಳುವ ಕಾಗುಣಿತದಲ್ಲೂ ಒಂದು ತರ್ಕ ಇರುತ್ತದೆಂದು ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ರೀಡ್ 1971ರಲ್ಲೇ ತೋರಿಸಿದ್ದರು. ಮಾಸ್ತರರು ಆ ಗೀಚನ್ನು ಅಳಿಸಿದರೆ, ಮುಂದೆ ಏನು ಕಲಿಸಬೇಕೆಂದು ಹೇಳುವ ಸುಳಿವನ್ನೇ ಅಳಿಸಿದಂತೆ.

ನಂಬಿಕೆ: ವ್ಯಾಕರಣ ಗಟ್ಟಿಯಾದರೆ ಬರಹ ಗಟ್ಟಿ.

ವಾಸ್ತವ: ಅಮೆರಿಕದ ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 4ರಿಂದ 12ನೇ ತರಗತಿಯವರೆಗಿನ ಬರವಣಿಗೆ ಬೋಧನೆಯ ಪ್ರಯೋಗಗಳನ್ನೆಲ್ಲ ಕಲೆಹಾಕಿ 2007ರಲ್ಲಿ ತೂಗಿ ನೋಡಿದರು. ಬರಹದಿಂದ ಬೇರ್ಪಡಿಸಿ ಪ್ರತ್ಯೇಕವಾಗಿ ಕಲಿಸಿದ ವ್ಯಾಕರಣದ ಪರಿಣಾಮ ಸೊನ್ನೆಗಿಂತ ಕೆಳಗಿತ್ತು. ಬರೆಯುವ ಮುನ್ನ ಯೋಜಿಸುವುದು, ಬರೆದದ್ದನ್ನು ತಿದ್ದುವುದು ಹೇಗೆಂದು ಹಂತಹಂತವಾಗಿ ಕಲಿಸಿದ್ದು, ಓದಿದ್ದನ್ನು ಸಂಗ್ರಹಿಸಿ ಬರೆಸಿದ್ದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದವು. ವಾಕ್ಯ ಜೋಡಿಸುವ ಅಭ್ಯಾಸವೂ ಉಪಯೋಗಕ್ಕೆ ಬಂದಿತ್ತು. ‘ಮಳೆ ಬಂತು. ಹಳ್ಳ ತುಂಬಿತು. ಬಸ್ಸು ಬರಲಿಲ್ಲ’ ಎಂಬ ಮೂರನ್ನು ‘ಮಳೆ ಬಂದು ಹಳ್ಳ ತುಂಬಿದ್ದರಿಂದ ಬಸ್ಸು ಬರಲಿಲ್ಲ’ ಎಂದು ಕೂಡಿಸಿದ ಹುಡುಗಿ ಕೃದಂತವನ್ನು ಬಳಸಿಯಾಗಿದೆ. ಅದರ ಹೆಸರನ್ನು ಆಮೇಲೆ ಹೇಳಿಕೊಟ್ಟರೂ ನಡೆಯುತ್ತದೆ.

ನಂಬಿಕೆ: ಮನೆಮಾತು ನುಸುಳಿದರೆ ಬರಹ ಕೆಡುತ್ತದೆ.

ವಾಸ್ತವ: ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರು ಕಡೆಯ ಮಗುವಿನ ಕಿವಿಗೆ ಪುಸ್ತಕದ ಕನ್ನಡ ಬೀಳುವುದೇ ಶಾಲೆಯಲ್ಲಿ. ಮನೆಯಲ್ಲಿ ಈ ಸೀಮೆಯ ಕನ್ನಡ, ಎಷ್ಟೋ ಮನೆಗಳಲ್ಲಿ ತೆಲುಗು ಅಥವಾ ಉರ್ದು. ಅಂಥ ಮಗು ‘ನಮ್ಮವ್ವ ಹತ್ತಿ ಬಿಡಿಸಾಕ ಹೋಗ್ಯಾಳ’ ಎಂದು ಬರೆಯಿತು ಎನ್ನೋಣ. ಅದನ್ನು ಹೊಡೆದುಹಾಕಿ ‘ನನ್ನ ತಾಯಿ ಹತ್ತಿ ಬಿಡಿಸಲು ಹೋಗಿದ್ದಾರೆ’ ಎಂದು ಬರೆದುಕೊಟ್ಟರೆ ವಾಕ್ಯ ಶುದ್ಧವಾಗುತ್ತದೆ, ಬರಹ ಅಲ್ಲಿಗೇ ನಿಲ್ಲುತ್ತದೆ. ‘ಯಾರ ಹೊಲಕ್ಕ? ಎಷ್ಟೊತ್ತಿಗಿ ಬರ್ತಾಳ? ಅಲ್ಲೀತನ ತಂಗೀನ್ನ ಯಾರು ನೋಡ್ಕೊಂತಾರ?’ ಎಂದು ಕೇಳಿದರೆ ಒಂದು ವಾಕ್ಯ ನಾಲ್ಕಾಗುತ್ತದೆ. ಶಿಷ್ಟ ರೂಪವನ್ನು ಕಲಿಸಲೇಬೇಕು, ಪರೀಕ್ಷೆಗೂ ಅರ್ಜಿಗೂ ಅದು ಬೇಕು. ಹೇಳುವ ಮಾತು ಕಾಗದಕ್ಕೆ ಇಳಿದ ಮೇಲೆ ಎರಡನೇ ಸುತ್ತಿನಲ್ಲಿ ಅದನ್ನು ಕಲಿಸಬಹುದು.

ಆಡುಮಾತಿನ ಶಕ್ತಿ ಅನುಮಾನಿಸುವವರಿಗೆ ಕಲಬುರಗಿಯ ಲೇಖಕಿ ಗೀತಾ ನಾಗಭೂಷಣರ ಉದಾಹರಣೆ ಇದೆ. ಆಡುಮಾತನ್ನೇ ಬಳಸಿದ ಅವರ ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಂಬಿಕೆ: ಬರಹ ಹುಟ್ಟಿನಿಂದ ಬರಬೇಕು, ನಮ್ಮ ಭಾಗಕ್ಕೆ ಒಲಿದದ್ದಲ್ಲ.

ವಾಸ್ತವ: ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಾಟದವರು. ವಿಜಯದಾಸರ ಚೀಕಲಪರ್ವಿಯೂ ಮಾನ್ವಿಯ ಕಡೆಯದೇ, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಕನ್ನಡದಲ್ಲಿ ಗಜಲ್ ಬರೆದ ಶಾಂತರಸರು ಇದೇ ಜಿಲ್ಲೆಯವರು, 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ನೆಲಕ್ಕೆ ಬರಹ ಒಲಿದಿದೆ, ಅವಕಾಶ ಎಲ್ಲರಿಗೂ ಸಿಕ್ಕಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದಾಗ ರಾಯಚೂರು ಜಿಲ್ಲೆಯದು 60ರ ಹತ್ತಿರವಿತ್ತು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪ ಸಮಿತಿ 2002ರಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತ್ತು. ಅಕ್ಷರ ಬಲ್ಲವರಿಲ್ಲದ ಮನೆಯ ಮಗುವಿಗೆ ಬರಹ ಕಲಿಯಲು ಶಾಲೆಯೊಂದೇ ಜಾಗ.

ನಂಬಿಕೆ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಗೊತ್ತಿದ್ದರೆ ಪ್ರಬಂಧ ಬಂದಂತೆ.

ವಾಸ್ತವ: ಇದು ಪರೀಕ್ಷೆಗೆ ಆಸರೆ, ನಿಜ. ಆದರೆ ಗಾದೆ ವಿಸ್ತರಣೆಯ ಉತ್ತರಗಳನ್ನು ತಿದ್ದುವವರಿಗೆ ಗೊತ್ತು: ಗಾದೆ ಯಾವುದಾದರೇನು, ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬಲ್ಲಿಂದಲೇ ಆರಂಭ. ಗೈಡಿನ ಪೀಠಿಕೆ ಬಾಯಿಪಾಠವಾಗಿರುತ್ತದೆ, ಯೋಚನೆ ಶುರುವಾಗಿರುವುದಿಲ್ಲ. ಅಮೆರಿಕದ ಸಂಶೋಧಕಿ ಜಾನೆಟ್ ಎಮಿಗ್ ಎಂಟು ಮಂದಿ ಹನ್ನೆರಡನೇ ತರಗತಿಯವರನ್ನು ಗಟ್ಟಿಯಾಗಿ ಯೋಚಿಸುತ್ತ ಬರೆಯಲು ಹೇಳಿ ಗಮನಿಸಿ, 1971ರಲ್ಲಿ ಅಧ್ಯಯನ ಪ್ರಕಟಿಸಿದರು. ಬರಹವೆಂಬುದು ಚೌಕಟ್ಟು ತುಂಬುವ ನೇರ ಕೆಲಸವಲ್ಲ, ಅದು ಹಿಂದೆ ಮುಂದೆ ಓಡಾಡುತ್ತಲೇ ಬೆಳೆಯುತ್ತದೆ ಎಂದು ಅಲ್ಲಿ ಕಂಡುಬಂತು. ಆ ಓಡಾಟಕ್ಕೆ ಕಚ್ಚಾ ಪ್ರತಿ ಬೇಕು, ಓದುವವರು ಬೇಕು. ಮಕ್ಕಳ ಗ್ರಾಮಸಭೆಗೆ ಶೌಚಾಲಯದ ನೀರಿನ ಬಗ್ಗೆ ಅರ್ಜಿ ಬರೆಯುವ ಏಳನೇ ತರಗತಿಯವರಿಗೆ ಓದುಗರು ಎದುರಿಗೇ ಇರುತ್ತಾರೆ. ಯಾವ ವಾಕ್ಯ ಮೊದಲು ಬರಬೇಕೆಂದು ಅವರು ತಾವೇ ಚರ್ಚಿಸುತ್ತಾರೆ.

ನಂಬಿಕೆ: ಕಾಲೇಜಿನಲ್ಲಿ ಬರಹ ಕಲಿಸುವ ಅಗತ್ಯವಿಲ್ಲ, ಇದ್ದರೂ ಅದು ಕನ್ನಡ ವಿಭಾಗದ ಕೆಲಸ.

ವಾಸ್ತವ: ಹಾರ್ವರ್ಡ್ ವಿಶ್ವವಿದ್ಯಾಲಯ 1885ರಲ್ಲೇ ಹೊಸ ವಿದ್ಯಾರ್ಥಿಗಳಿಗೆ ಬರವಣಿಗೆಯ ಕೋರ್ಸ್ ತಂದಿತ್ತು. ಎಲ್ಲ ವಿಷಯಗಳ ಅಧ್ಯಾಪಕರೂ ತಮ್ಮ ವಿಷಯದ ಬರಹ ಕಲಿಸಬೇಕೆಂಬ ಚಳವಳಿ 1970ರ ದಶಕದಲ್ಲಿ ಬಲಗೊಂಡಿತು. ನಮ್ಮ ಅನೇಕ ಪದವಿ ತರಗತಿಗಳಲ್ಲಿ ಇಂದಿಗೂ ಅಧ್ಯಾಪಕರು ನೋಟ್ಸ್ ಹೇಳುತ್ತಾರೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಒಂದನೇ ತರಗತಿಯ ಕಾಪಿ ಬರಹಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಬದಲಿಸಲು ಬೇಕಾದ ಸಾಮಗ್ರಿ ಜಿಲ್ಲೆಯಲ್ಲೇ ಇದೆ. ಕೃಷಿ ಪದವಿಯ ಕೊನೆಯ ವರ್ಷದವರು ಹಳ್ಳಿಗಳಲ್ಲಿದ್ದು ರೈತರ ಅನುಭವ ದಾಖಲಿಸುತ್ತಾರೆ. ಆ ವರದಿಯ ಒಂದು ಪುಟವನ್ನು ರೈತರೇ ಓದುವಂತೆ ಕನ್ನಡದಲ್ಲೂ ಬರೆಸಬಹುದು. ಇತಿಹಾಸದ ವಿದ್ಯಾರ್ಥಿಗಳನ್ನು ಮಸ್ಕಿಗೆ ಕರೆದೊಯ್ಯಬಹುದು. 1915ರಲ್ಲಿ ಬೆಳಕಿಗೆ ಬಂದು, ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿದ ಬಂಡೆ ಶಾಸನ ಅಲ್ಲಿದೆ. ನೋಡಿ ಬಂದವರು ಒಂದೊಂದು ಪುಟ ಬರೆಯಲಿ. ಮೊದಲ ಪ್ರತಿಯನ್ನು ಸಹಪಾಠಿ ಓದಿ ಅರ್ಥವಾಗದ ಜಾಗ ಗುರುತಿಸಲಿ, ಎರಡನೆಯದಕ್ಕೆ ಅಧ್ಯಾಪಕರು ಎರಡು ಪ್ರಶ್ನೆ ಹಾಕಲಿ, ಅಂಕ ಮೂರನೇ ಪ್ರತಿಗೆ ಇರಲಿ.