ವೂಫರ್ ಬದಲಿಸುವ ಮುನ್ನ ಪೆಟ್ಟಿಗೆಯನ್ನು ಕೇಳಿ

ಸೌಂಡ್‌ಬಾರ್‌ಗಳ ಈ ಕಾಲದಲ್ಲೂ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಎಷ್ಟೋ ಮನೆಗಳಲ್ಲಿ ಕೈಯಾರೆ ಜೋಡಿಸಿದ ಹೋಮ್ ಥಿಯೇಟರ್ ಇದೆ. ಮನೆಯ ಹುಡುಗ ಬೋರ್ಡು, ಟ್ರಾನ್ಸ್‌ಫಾರ್ಮರ್, ಸ್ಪೀಕರ್‌ಗಳನ್ನು ಬಿಡಿಬಿಡಿಯಾಗಿ ಕೊಂಡು ತಂದಿರುತ್ತಾನೆ. ಬಡಿಗೇರರಿಂದ ಪ್ಲೈವುಡ್ ಪೆಟ್ಟಿಗೆ ಮಾಡಿಸಿರುತ್ತಾನೆ. ಕೆಲವು ವರ್ಷ ಎಲ್ಲವೂ ಚೆನ್ನಾಗಿ ನಡೆಯುತ್ತದೆ. ಒಂದು ದಿನ ವೂಫರ್ ಕರಕರ ಎನ್ನತೊಡಗುತ್ತದೆ, ಇಲ್ಲವೇ ಸದ್ದೇ ನಿಲ್ಲುತ್ತದೆ. ಆಗ ಬೇಡಿಕೆ ಏಳುತ್ತದೆ: "ಅಮ್ಮೀ, ಈ ಸಲ ದೊಡ್ಡ ವೂಫರ್ ಹಾಕೋಣ."

ಅಕ್ಕಿ, ಎಣ್ಣೆ, ಮಕ್ಕಳ ಫೀಸಿನ ನಡುವೆ ಉಳಿಸಿದ ದುಡ್ಡಿನಿಂದಲೇ ಆ ದೊಡ್ಡ ವೂಫರ್ ಬರಬೇಕು. ತಂದ ಮೇಲೆ ಅದು ಪೆಟ್ಟಿಗೆಗೆ ಹೊಂದದಿದ್ದರೆ ಸದ್ದು ಮೊದಲಿಗಿಂತ ಕೆಡುತ್ತದೆ. ಬೋರ್ಡಿಗೆ ಹೊಂದದಿದ್ದರೆ ಬೋರ್ಡೂ ಸುಡುತ್ತದೆ. ಒಂದು ಖರ್ಚು ಎರಡಾಗುತ್ತದೆ. ಆದ್ದರಿಂದ ಈ ವಿಷಯವನ್ನು ಹುಡುಗರಿಗೇ ಬಿಟ್ಟುಬಿಡದೆ, ಹಣ ಕೊಡುವ ತಾಯಂದಿರೂ ತಿಳಿದುಕೊಳ್ಳುವುದು ಒಳ್ಳೆಯದು. ಇದರಲ್ಲಿ ಅರ್ಥವಾಗದಂಥ ಗುಟ್ಟೇನೂ ಇಲ್ಲ.

ಕೆಟ್ಟಿರುವುದು ವೂಫರೇ?

ಮೊದಲು ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ವೂಫರನ್ನು ಬಿಚ್ಚಿಸಿ. 1.5 ವೋಲ್ಟಿನ ಗಡಿಯಾರದ ಸೆಲ್ಲಿಗೆ ಎರಡು ತಂತಿ ಹಿಡಿದು ವೂಫರಿನ ಎರಡು ತುದಿಗಳಿಗೆ ಕ್ಷಣ ಮಾತ್ರ ಮುಟ್ಟಿಸಿ. ಟಪ್ ಎಂದು ಕೋನ್ ಅಲುಗಿದರೆ ಒಳಗಿನ ಕಾಯಿಲ್ ತುಂಡಾಗಿಲ್ಲ. ದೋಷ ತಂತಿಯಲ್ಲೋ ಬೋರ್ಡಿನಲ್ಲೋ ಇರಬಹುದು. ಅಲುಗದಿದ್ದರೆ ಕಾಯಿಲ್ ಸುಟ್ಟಿರುವ ಸಂಭವವೇ ಹೆಚ್ಚು. ಎರಡೂ ಕೈಗಳ ಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಿ ನೋಡಿ. ಕೆರೆಯುವ ಸದ್ದು ಬಂದರೆ ಕಾಯಿಲ್ ಒಳಗೆ ಉಜ್ಜುತ್ತಿದೆ.

ಕೋನಿನ ಸುತ್ತಲಿನ ಫೋಮ್ ಅಂಚು ಮಾತ್ರ ಪುಡಿಯಾಗಿದ್ದರೆ ಹೊಸ ವೂಫರ್ ಬೇಕೆಂದೇನೂ ಇಲ್ಲ, ಅಂಚನ್ನಷ್ಟೇ ಬದಲಿಸಬಹುದು. ಫೋಮ್ ಹವೆಗೆ ತಾನಾಗಿಯೇ ಹಾಳಾಗುವ ವಸ್ತು. ರಬ್ಬರ್ ಅಂಚು ಅದಕ್ಕಿಂತ ಹೆಚ್ಚು ಬಾಳುತ್ತದೆ. ಸುಟ್ಟ ಕಾಯಿಲಿಗೂ ರಿಪೇರಿ ಇದೆ. ಆದರೆ ಹೊಸ ಕಾಯಿಲ್ ಹಳೆಯದರಷ್ಟೇ ಓಮ್ ಇರಬೇಕೆಂದು ಹೇಳಿ ಕೊಡಿ.

ಪೆಟ್ಟಿಗೆಯೇ ಅರ್ಧ ವೂಫರ್

ಕೊಡಕ್ಕೆ ನೀರು ತುಂಬುವಾಗ ಸದ್ದನ್ನು ಗಮನಿಸಿದ್ದೀರಾ? ನೀರು ಏರಿದಂತೆ ಒಳಗಿನ ಗಾಳಿ ಕಡಿಮೆಯಾಗಿ ಸದ್ದು ಸಣ್ಣಗಾಗುತ್ತದೆ. ವೂಫರ್ ಪೆಟ್ಟಿಗೆಯಲ್ಲಿಯೂ ಗಾಳಿಯದ್ದೇ ಆಟ. ಗಾಳಿಯ ಜಾಗ, ಪೆಟ್ಟಿಗೆಯ ತೂತು, ತೂತಿಗೆ ಹಾಕಿದ ಕೊಳವೆಯ ಉದ್ದ, ಇವು ಸೇರಿ ಎಷ್ಟು ಗಂಭೀರ ಸದ್ದು ಬರಬೇಕೆಂದು ತೀರ್ಮಾನಿಸುತ್ತವೆ. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಇದರ ಲೆಕ್ಕವನ್ನು ಬರೆದರು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಇಂದಿಗೂ ಒಳ್ಳೆಯ ವೂಫರಿನ ಜೊತೆ ಬರುವ ಚೀಟಿಯಲ್ಲಿ ಇವರಿಬ್ಬರ ಹೆಸರಿನ ಅಂಕಿಗಳೇ ಇರುತ್ತವೆ.

ಪೆಟ್ಟಿಗೆ ಅಳೆಯುವುದು ಸುಲಭ. ಒಳಗಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 30, 30, 28 ಸೆಂಟಿಮೀಟರ್ ಇದ್ದರೆ ಸುಮಾರು 25 ಲೀಟರ್. ಇದು ಸಾಮಾನ್ಯವಾಗಿ 8 ಇಂಚಿನ ವೂಫರಿಗೆ ತಕ್ಕ ಮನೆ. ಹೆಚ್ಚು ಗಾಳಿ ಬೇಡುವ 12 ಇಂಚಿನದನ್ನು ಇದರಲ್ಲಿ ತುರುಕಿದರೆ ಗಂಭೀರ ಸದ್ದಿನ ಬದಲು ಡಬಡಬ ಎನ್ನುವ ಒಂದೇ ಸದ್ದು ಕೇಳಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ತೂತಿಗೆ ಹುಡುಗರು ನೀರಿನ ಪೈಪಿನ ತುಂಡು ಹಾಕಿರುತ್ತಾರೆ. 25 ಲೀಟರ್ ಪೆಟ್ಟಿಗೆಗೆ ಒಳ ಅಗಲ 7 ಸೆಂಟಿಮೀಟರಿನ, 15 ಸೆಂಟಿಮೀಟರ್ ಉದ್ದದ ಪೈಪು ಹಾಕಿದರೆ ಪೆಟ್ಟಿಗೆ ಸುಮಾರು 48 ಹರ್ಟ್ಸ್‌ಗೆ ನಿಲ್ಲುತ್ತದೆ. ಅದೇ ಪೈಪನ್ನು 10 ಸೆಂಟಿಮೀಟರಿಗೆ ಕತ್ತರಿಸಿದರೆ 55 ಹರ್ಟ್ಸ್‌ಗೆ ಏರುತ್ತದೆ. ಪೈಪು ಅಂದಕ್ಕಲ್ಲ, ಲೆಕ್ಕಕ್ಕೆ.

ಚೀಟಿಯಲ್ಲಿ ಎರಡು ಅಂಕಿ ನೋಡಿ. 'ಎಫ್‌ಎಸ್' ಎಂಬುದು ವೂಫರ್ ಸಹಜವಾಗಿ ಮಿಡಿಯುವ ಮಟ್ಟ. ಅದು 30ರಿಂದ 45 ಹರ್ಟ್ಸ್ ಒಳಗಿದ್ದರೆ ಮನೆಗೆ ಒಳ್ಳೆಯದು. 'ಕ್ಯೂಟಿಎಸ್' ಸುಮಾರು 0.3ರಿಂದ 0.4 ಇದ್ದರೆ ತೂತಿನ ಪೆಟ್ಟಿಗೆಗೂ, 0.4ರಿಂದ 0.7 ಇದ್ದರೆ ಪೂರ್ತಿ ಮುಚ್ಚಿದ ಪೆಟ್ಟಿಗೆಗೂ ಹೊಂದುತ್ತದೆ. ಚೀಟಿಯೇ ಇಲ್ಲದಿದ್ದರೆ ಹಳೆಯ ವೂಫರನ್ನೇ ಅಂಗಡಿಗೆ ಒಯ್ದು, ಅದೇ ಅಳತೆ, ಅದೇ ಬಗೆಯ ಅಂಚು ಇರುವುದನ್ನು ಕೇಳುವುದು ಕ್ಷೇಮ. ಕೂರಿಸುವ ತೂತಿನ ಅಗಲವನ್ನೂ ಅಳೆದುಕೊಂಡು ಹೋಗಿ. 8 ಇಂಚು ಎಂಬುದು ಹೊರ ಚೌಕಟ್ಟಿನ ಅಳತೆ. ತೂತು ಅದಕ್ಕಿಂತ ಚಿಕ್ಕದು, ಕಂಪನಿಯಿಂದ ಕಂಪನಿಗೆ ತುಸು ಬೇರೆ.

ಹಾನಗಲ್ಲಿನ ಅರೆಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಎಂಡಿಎಫ್ ಹಲಗೆ ನೀರು ಹೀರಿ ಉಬ್ಬುತ್ತದೆ, ಸಂದುಗಳು ಬಿಡುತ್ತವೆ. ಸಂದಿನಲ್ಲಿ ಗಾಳಿ ಸೋರುವಾಗ ಎಂಥ ವೂಫರ್ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಮೊದಲು ಸಂದುಗಳಿಗೆ ಅಂಟು ತುಂಬಿಸಿ.

ಓಮ್ ತಪ್ಪಿದರೆ ಬೋರ್ಡು ಸುಡುತ್ತದೆ

ವೂಫರಿನ ಹಿಂಬದಿಯ ಮ್ಯಾಗ್ನೆಟ್ ಮೇಲೆ 4 ಓಮ್ ಅಥವಾ 8 ಓಮ್ ಎಂದು ಬರೆದಿರುತ್ತದೆ. ಅಳಿಸಿಹೋಗಿದ್ದರೆ ಮೀಟರಿನಲ್ಲಿ ನೋಡಬಹುದು. 4 ಓಮಿನದು ಮೂರೂಕಾಲರಿಂದ ಮೂರೂವರೆಯ ಆಸುಪಾಸು, 8 ಓಮಿನದು 6ರ ಆಸುಪಾಸು ತೋರಿಸುತ್ತದೆ. 8 ಓಮಿಗೆಂದು ಮಾಡಿದ ಬೋರ್ಡಿಗೆ 4 ಓಮಿನ ವೂಫರ್ ಹಾಕಿದರೆ ಕರೆಂಟು ಹೆಚ್ಚುಕಡಿಮೆ ಇಮ್ಮಡಿ ಹರಿಯುತ್ತದೆ, ಐಸಿ ಕಾದು ಹೋಗುತ್ತದೆ. 4 ಓಮಿನ ಜಾಗಕ್ಕೆ 8 ಓಮ್ ಹಾಕಿದರೆ ಅಪಾಯವಿಲ್ಲ, ಶಕ್ತಿ ಮಾತ್ರ ಸುಮಾರು ಅರ್ಧಕ್ಕಿಳಿಯುತ್ತದೆ. 4 ಓಮಿನ ಎರಡು ವೂಫರ್‌ಗಳನ್ನು ಒಂದೇ ತಂತಿಗೆ ಪಕ್ಕಪಕ್ಕ ಸೇರಿಸಿದರೆ ಅದು 2 ಓಮ್ ಆಗುತ್ತದೆ. ಅದು ಬೋರ್ಡಿಗೆ ಮರಣಶಾಸನ.

ವ್ಯಾಟ್‌ನ ಮೋಹ

ಮನೆಯಲ್ಲಿ ಜೋಡಿಸುವ ಸೆಟ್ಟುಗಳಲ್ಲಿ ಹೆಸರುವಾಸಿಯಾದ '4440' ಐಸಿ, ಸೇತುವೆ ಜೋಡಣೆಯಲ್ಲಿ 4 ಓಮಿಗೆ ಕೊಡುವುದು ಸುಮಾರು 19 ವ್ಯಾಟ್ ಮಾತ್ರ. ಅದಕ್ಕೆ 300 ವ್ಯಾಟಿನ ವೂಫರ್ ತಂದರೆ 300 ವ್ಯಾಟಿನ ಸದ್ದು ಬರುವುದಿಲ್ಲ. ವೂಫರಿನ ಮೇಲಿರುವ ವ್ಯಾಟ್ ಅದು ತಡೆದುಕೊಳ್ಳುವ ಶಕ್ತಿ, ಕೊಡುವ ಶಕ್ತಿಯಲ್ಲ. ಡಬ್ಬಿಯ ಮೇಲೆ 'ಪಿಎಂಪಿಒ' ಎಂದು ಬರೆದ ಸಾವಿರಗಟ್ಟಲೆ ಅಂಕಿಗೆ ಬೆಲೆ ಕೊಡಬೇಡಿ. 'ಆರ್‌ಎಂಎಸ್' ಎಷ್ಟೆಂದು ಕೇಳಿ.

ವ್ಯಾಟಿಗಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ. 85 ಡೆಸಿಬೆಲ್‌ನ ವೂಫರಿಗಿಂತ 88 ಡೆಸಿಬೆಲ್‌ನದು ಅರ್ಧ ಶಕ್ತಿಯಲ್ಲೇ ಅಷ್ಟೇ ಸದ್ದು ಕೊಡುತ್ತದೆ. ಕಾರಿನ ಸಬ್‌ವೂಫರ್‌ಗಳನ್ನು ಸಾಮಾನ್ಯವಾಗಿ ಹೆಚ್ಚು ಶಕ್ತಿಯ ಆಂಪ್ಲಿಫೈಯರಿಗೆಂದೇ ಮಾಡಿರುತ್ತಾರೆ. ಸಣ್ಣ ಬೋರ್ಡು ಅವನ್ನು ಸರಿಯಾಗಿ ಅಲುಗಿಸಲಾರದು. ಡಿಜೆ ವೂಫರುಗಳು ಬಯಲಿನಲ್ಲಿ ದೂರ ಕೇಳಿಸಲೆಂದು ಇರುವಂಥವು; ಮನೆಯ ಸಣ್ಣ ಪೆಟ್ಟಿಗೆಯಲ್ಲಿ ಅವು ಆಳಕ್ಕೆ ಇಳಿಯುವುದಿಲ್ಲ.

ಗೋಡೆಯಾಚೆಯವರ ಹಕ್ಕು

ಗಂಡಸಿನ ಮಾತಿನ ಮೂಲ ಸ್ವರ ಸುಮಾರು 85 ಹರ್ಟ್ಸ್‌ನಿಂದ ಮೇಲಿರುತ್ತದೆ. ಹಾಗಾಗಿ ಪಾರಾಯಣ, ಪ್ರವಚನ, ವಾರ್ತೆ ಕೇಳುವಾಗ ವೂಫರಿನಿಂದ ಹೆಚ್ಚಿನ ಲಾಭವಿಲ್ಲ. ಅದನ್ನು ತಗ್ಗಿಸಿದಷ್ಟೂ ಅಕ್ಷರಗಳು ಸ್ಪಷ್ಟ. ಗಂಭೀರ ಸದ್ದು ಸಣ್ಣ ಸದ್ದಿಗಿಂತ ಸುಲಭವಾಗಿ ಗೋಡೆ ದಾಟುತ್ತದೆ. ಗೋಡೆಗೆ ಗೋಡೆ ಅಂಟಿದ ಓಣಿಗಳಲ್ಲಿ ನಮ್ಮ ವೂಫರ್ ಪಕ್ಕದ ಮನೆಯ ಹೃದ್ರೋಗಿಯ ಎದೆಗೂ, ಪರೀಕ್ಷೆಗೆ ಓದುವ ಮಗುವಿನ ಕಿವಿಗೂ ಬಡಿಯುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ನೆರೆಯವರ ಹಕ್ಕನ್ನು ಬಲ್ಲ ಮನೆಗೆ ಕಾನೂನಿನ ನೆನಪೋಲೆ ಬೇಕಾಗಬಾರದು.

ಇನ್ನು ಅಂಗಡಿಗೆ ಹೊರಡುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಪೆಟ್ಟಿಗೆ ಎಷ್ಟು ಲೀಟರ್, ತೂತು ಇದೆಯೇ ಇಲ್ಲವೇ, ಕೂರಿಸುವ ಜಾಗದ ಅಗಲ, ಹಳೆಯದರ ಓಮ್, ಬೋರ್ಡಿನ ನಿಜವಾದ ವ್ಯಾಟ್. "ಭಾಯಿ, ಇದಕ್ಕೆ ಹೊಂದುವುದನ್ನು ಕೊಡಿ" ಎಂದು ಚೀಟಿಯನ್ನು ಮುಂದಿಡಿ. ಅಂಗಡಿಯವರು "ಇದಕ್ಕಿಂತ ದೊಡ್ಡದಿದೆ" ಎಂದರೂ ಚೀಟಿಯನ್ನು ಬಿಡಬೇಡಿ. ಮಗನಿಗೂ ಅದೇ ಚೀಟಿ ತೋರಿಸಿ; ದೊಡ್ಡದಕ್ಕೂ ಒಳ್ಳೆಯದಕ್ಕೂ ಇರುವ ವ್ಯತ್ಯಾಸ ಅವನಿಗೆ ಲೆಕ್ಕದಲ್ಲೇ ತಿಳಿಯಲಿ.