ಕುದುರೆಮುಖ ಉದ್ಯಾನಕ್ಕೆ ಮನುಷ್ಯನಿಂದ ಒದಗಿದ ಬಾಧೆಗಳು

ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದರೆ ನಮ್ಮ ಸದಸ್ಯರಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಅರಣ್ಯ ಇಲಾಖೆಯ ಗೇಟು, ಕೇಸು ಮತ್ತು ಎತ್ತಂಗಡಿಯ ಮಾತು. ಅದು ಸಹಜವೇ. ಆದರೆ ಆ ಬೆಟ್ಟಗಳು ಕೆಟ್ಟರೆ ಮೊದಲು ನಷ್ಟಕ್ಕೆ ಗುರಿಯಾಗುವವರೂ ನಾವೇ ಆದ್ದರಿಂದ, ಅಲ್ಲಿ ಈವರೆಗೆ ಆಗಿರುವ ಹಾನಿ ಯಾವುದು, ಅದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಬೆಳೆಗಾರ ಬಾಂಧವರ ಗಮನಕ್ಕೆ ತರಲು ಇಚ್ಛಿಸುತ್ತೇವೆ.

ಬೆಟ್ಟದ ಕೆಲಸ

1987ರಲ್ಲಿ ಘೋಷಿತವಾದ ಈ ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಈ ಮೂರು ಜಿಲ್ಲೆಗಳಲ್ಲಿ ಅದು ಹರಡಿದೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವುದು ಈ ಬೆಟ್ಟಸಾಲಿನಲ್ಲಿ. ಇಲ್ಲಿನ ಕೆಲವು ಭಾಗಗಳಲ್ಲಿ ವರ್ಷಕ್ಕೆ 200 ಅಂಗುಲಕ್ಕೂ ಮೀರಿ ಮಳೆ ಬೀಳುತ್ತದೆ. ನೆತ್ತಿಯ ಹುಲ್ಲುಗಾವಲು ಆ ಮಳೆಯ ಹೊಡೆತವನ್ನು ತಡೆದು ಮಣ್ಣಿಗೆ ಇಳಿಸುತ್ತದೆ. ಕಣಿವೆಯ ಮಡಿಕೆಗಳಲ್ಲಿರುವ ಶೋಲಾ ಕಾಡು ಅದನ್ನು ಹಿಡಿದಿಟ್ಟು ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ. ಮಾರ್ಚ್ ತಿಂಗಳಲ್ಲಿ ಕಾಫಿಯ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರಿಗೆ ನೀರು ಸಿಗುವುದು, ಅಡಿಕೆ ತೋಟದ ಒರತೆ ಬತ್ತದಿರುವುದು ಈ ಏರ್ಪಾಡಿನಿಂದ. ಭದ್ರಾ ಜಲಾಶಯದ ಕೆಳಗಿನ ಅಚ್ಚುಕಟ್ಟಿನ ಅಡಿಕೆ, ಭತ್ತದ ಬೆಳೆಗಾರರ ಬದುಕೂ ಇದನ್ನೇ ಅವಲಂಬಿಸಿದೆ.

ಗಣಿ

ಅತಿ ದೊಡ್ಡ ಪೆಟ್ಟು ಬಿದ್ದದ್ದು ಗಣಿಯಿಂದ. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಇಲ್ಲಿನ ಅದಿರನ್ನು ಪುಡಿಮಾಡಿ, ನೀರಿನೊಡನೆ ಬೆರೆಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಸಾಗಿಸುತ್ತಿತ್ತು. ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡಾ 40ಕ್ಕಿಂತ ಕಡಿಮೆ ಇದ್ದುದರಿಂದ ಅಗೆದದ್ದರಲ್ಲಿ ಬಹುಪಾಲು ಕಸವಾಗಿ ಉಳಿಯಿತು. ಆ ಕೆಸರನ್ನು ತಡೆದಿಡಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಬೇಕಾಯಿತು. ಬೋಳಾದ ಗಣಿ ಇಳಿಜಾರಿನಿಂದ ಮಳೆಗಾಲದಲ್ಲಿ ಭದ್ರೆಗೆ ಹೂಳು ಹರಿಯಿತು; ಜಲಾನಯನದ ಸಣ್ಣ ಭಾಗವಾಗಿದ್ದ ಗಣಿಯಿಂದಲೇ ಹೂಳಿನ ದೊಡ್ಡ ಪಾಲು ಬರುತ್ತಿದ್ದುದನ್ನು ತಜ್ಞರ ಅಳತೆಗಳು ತೋರಿಸಿದವು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆದರೆ ಅಣೆಕಟ್ಟು ಮತ್ತು ಅದರ ಹಿಂದಿನ ಕೆಸರು ಅಲ್ಲಿಯೇ ಇವೆ. ಗಣಿ ನಿಂತಿತೆಂದ ಮಾತ್ರಕ್ಕೆ ಅವುಗಳ ಮೇಲಿನ ನಿಗಾ ನಿಲ್ಲುವಂತಿಲ್ಲ.

ಬೆಂಕಿ

ಗಣಿಯ ತಪ್ಪನ್ನು ಹೇಳಿದಷ್ಟೇ ಸ್ಪಷ್ಟವಾಗಿ ನಮ್ಮ ಕಡೆಯ ಸಂಗತಿಯನ್ನೂ ಹೇಳಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಟ್ಟದಲ್ಲಿ ಕಾಣುವ ಬೆಂಕಿ ಸಾಮಾನ್ಯವಾಗಿ ತಾನಾಗಿ ಹುಟ್ಟಿದ್ದಲ್ಲ. ದನಕ್ಕೆ ಎಳೆಹುಲ್ಲು ಬರಲೆಂದು ಹಚ್ಚುವವರಿದ್ದಾರೆ, ಶಿಕಾರಿಗಾಗಿ ಹಚ್ಚುವವರಿದ್ದಾರೆ, ಸೇದಿ ಬಿಸಾಡಿದ ಬೀಡಿಯಿಂದಲೂ ಹತ್ತುತ್ತದೆ, ಇಲಾಖೆಯ ಮೇಲಿನ ಸಿಟ್ಟಿಗೆ ಹಚ್ಚುವುದೂ ಉಂಟು. ಹುಲ್ಲೇನೋ ಮತ್ತೆ ಚಿಗುರುತ್ತದೆ. ಆದರೆ ಶೋಲಾದ ಅಂಚಿನ ಸಸಿಗಳು ಸಾಯುತ್ತವೆ. ವರ್ಷ ವರ್ಷವೂ ಸುಟ್ಟರೆ ಕಾಡು ಗಜಗಜವಾಗಿ ಹಿಂದೆ ಸರಿಯುತ್ತದೆ. ಬರಿದಾದ ಮಣ್ಣನ್ನು ಮೊದಲ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಇಲಾಖೆಯ ಮೇಲಿನ ಸಿಟ್ಟಿಗೆ ನಮ್ಮ ಒರತೆಯನ್ನು ಸುಟ್ಟುಕೊಳ್ಳುವುದು ಯಾವ ಲೆಕ್ಕಾಚಾರ?

ಸಣ್ಣದೆಂದು ಕಾಣುವ ಬಾಧೆಗಳು

ಸೊಪ್ಪು, ದರಗು, ಸೌದೆಯನ್ನು ಮಿತಿಮೀರಿ ತೆಗೆದಲ್ಲಿ ಕಾಡಿನ ನೆಲ ಗಟ್ಟಿಯಾಗಿ ನೀರು ಇಂಗುವುದಿಲ್ಲ. ಸೊಪ್ಪಿನಬೆಟ್ಟ ಇರುವವರು ಅದನ್ನು ಸರದಿಯ ಮೇಲೆ ಕಡಿದು ಉಳಿಸಿಕೊಂಡರೆ ಉದ್ಯಾನದ ಮೇಲಿನ ಹೊರೆ ತಗ್ಗುತ್ತದೆ. ಮೈಲುತುತ್ತು ಇರುವುದು ಕೊಳೆರೋಗಕ್ಕೆ. ಅದನ್ನು ಮಡುವಿಗೆ ಹಾಕಿ ಮೀನು ಹಿಡಿದರೆ ಮರಿ, ಮೊಟ್ಟೆ, ಹುಳು ಎಲ್ಲವೂ ನಾಶ. ಕಾಡುಹಂದಿಗೆಂದು ಬೇಲಿಯಲ್ಲಿ ಕಟ್ಟಿದ ಉರುಳಿಗೆ ಚಿರತೆ ಬಿದ್ದರೆ ಕೇಸು ಎದುರಿಸಬೇಕಾದವರು ತೋಟದ ಯಜಮಾನರು. ಪಲ್ಪರ್ ನೀರನ್ನು ಗುಂಡಿಯಲ್ಲಿ ಶುದ್ಧಿಗೊಳಿಸದೆ ಹಳ್ಳಕ್ಕೆ ಬಿಡುವುದೂ ಇದೇ ಸಾಲಿಗೆ ಸೇರಿದ್ದು.

ಹುಲ್ಲುಗಾವಲನ್ನು ಖಾಲಿ ಜಾಗವೆಂದು ಭಾವಿಸಿ ಅಕೇಶಿಯಾ ನೆಡುವುದು ಕೂಡ ಹಾನಿಯೇ ಹೊರತು ಸೇವೆಯಲ್ಲ. ಇನ್ನು ಕಾರ್ಕಳ-ಕುದುರೆಮುಖ ರಸ್ತೆಯ ವಾಹನಗಳು ಮತ್ತು ವಾರದ ಕೊನೆಗೆ ಬರುವ ಪ್ರವಾಸಿಗಳ ಪ್ಲಾಸ್ಟಿಕ್ ವಿಷಯ ಎಲ್ಲರೂ ಕಂಡದ್ದೇ. ಮರದಿಂದ ಮರಕ್ಕೆ ದಾಟಿ ಬದುಕುವ ಸಿಂಗಳೀಕಕ್ಕೆ ರಸ್ತೆ ಅಗಲವಾಗಿ ಮೇಲಿನ ಕೊಂಬೆಗಳ ಸಂಪರ್ಕ ತಪ್ಪಿದರೆ ಹಿಂಡುಗಳು ಬೇರೆ ಬೇರೆಯಾಗುತ್ತವೆ. 1980ರ ದಶಕದ ಮೊದಲ ಭಾಗದಲ್ಲಿ ಡಾ. ಉಲ್ಲಾಸ ಕಾರಂತರು ಈ ಪ್ರಾಣಿಯ ಬಗ್ಗೆ ನಡೆಸಿದ ಸಮೀಕ್ಷೆಯೇ ಉದ್ಯಾನದ ಘೋಷಣೆಗೆ ದಾರಿಮಾಡಿತೆಂಬುದನ್ನು ಇಲ್ಲಿ ನೆನೆಯಬಹುದು.

ಒಳಗಿರುವ ಕುಟುಂಬಗಳು

ಉದ್ಯಾನ ಬರುವ ಮೊದಲಿನಿಂದಲೂ ಒಳಗೆ ಬದುಕಿರುವ ಕುಟುಂಬಗಳನ್ನು ಗಣಿಯ ಪಕ್ಕದಲ್ಲಿ ನಿಲ್ಲಿಸಿ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದು ನಮ್ಮ ಅಭಿಪ್ರಾಯ. ಅವರಿಗೆ ರಸ್ತೆ, ವಿದ್ಯುತ್ತು ದುರ್ಲಭ. ಜಮೀನಿನ ಮೇಲೆ ಸಾಲ ಹುಟ್ಟುವುದೂ ಕಷ್ಟ. 2006ರ ಅರಣ್ಯ ಹಕ್ಕು ಕಾಯಿದೆಯಂತೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸ್ವಾಧೀನದಲ್ಲಿರುವ ಪರಿಶಿಷ್ಟ ಪಂಗಡದವರು ಹಕ್ಕು ಕೇಳಬಹುದು; ಇತರರು ಆ ದಿನಕ್ಕೆ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತು ಮಾಡಬೇಕು. ಈ ಷರತ್ತು ಅನೇಕ ಸಣ್ಣ ಬೆಳೆಗಾರರಿಗೆ ದಾಟಲಾಗದ ಗೋಡೆಯಾಗಿದೆ. ಒಪ್ಪಿ ಹೊರಬರುವವರಿಗೆ ತಕ್ಕ ಪರಿಹಾರ ಸಕಾಲದಲ್ಲಿ ಸಿಗಬೇಕು. ಒಪ್ಪದವರನ್ನು ತೊಂದರೆ ಕೊಟ್ಟು ಹೊರಡಿಸಬಾರದು.

ಈ ಬೇಡಿಕೆಯನ್ನು ನಾವು ಗಟ್ಟಿಯಾಗಿ ಮುಂದಿಡಬೇಕಾದರೆ ನಮ್ಮ ಕೈ ಶುದ್ಧವಾಗಿರಬೇಕು. ಆದ್ದರಿಂದ ಸದಸ್ಯರು ಜನವರಿ ಮುಗಿಯುವುದರೊಳಗೆ ತೋಟದ ಗಡಿಯಲ್ಲಿ ಬೆಂಕಿ ಲೈನು ಸವರಿಸಬೇಕು, ಆಳುಗಳಿಗೂ ವಿಷಯ ತಿಳಿಸಬೇಕು, ಹೊಗೆ ಕಂಡ ಕೂಡಲೇ ನೆರೆಯವರಿಗೂ ಅರಣ್ಯ ಠಾಣೆಗೂ ಸುದ್ದಿ ಮುಟ್ಟಿಸಬೇಕು ಎಂದು ಕೋರುತ್ತೇವೆ. ಹಕ್ಕಿನ ಅರ್ಜಿ ಹಾಕಿದವರು ಅದರ ನಕಲನ್ನೂ ಹಳೆಯ ಕಂದಾಯ ರಸೀತಿಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಲಿ.