ಹುಕ್ಕೇರಿಯ ವಿದ್ಯುತ್ ಸಂಘ: ಒಡೆತನ ಯಾರದು?

ವಿದ್ಯುತ್ ವಿತರಣೆಯೆಂದರೆ ನಮಗೆ ನೆನಪಾಗುವುದು ಸರ್ಕಾರಿ ಕಂಪನಿಗಳು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಆ ಕೆಲಸವನ್ನು ಗ್ರಾಹಕರದೇ ಸಹಕಾರ ಸಂಘವೊಂದು ಅರ್ಧ ಶತಮಾನಕ್ಕೂ ಮಿಗಿಲಾಗಿ ಮಾಡುತ್ತಿದೆಯೆಂಬುದು ಮೈಸೂರು ಸೀಮೆಯ ಅನೇಕರಿಗೆ ಹೊಸ ಸಂಗತಿಯಾದೀತು. ರಾಜ್ಯದಲ್ಲಿ ಇಂತಹ ಸಂಘ ಇದೊಂದೇ.

ಇದರ ಮೂಲ ಕಲ್ಪನೆ ಅಮೆರಿಕದ್ದು. 1930ರ ದಶಕದಲ್ಲಿ ಅಲ್ಲಿನ ಹತ್ತು ಕೃಷಿ ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. ಚದುರಿದ ಹಳ್ಳಿಗಳಿಗೆ ತಂತಿ ಎಳೆಯಲು ಖಾಸಗಿ ಕಂಪನಿಗಳು ಒಪ್ಪಲಿಲ್ಲ. 1935ರಿಂದೀಚೆಗೆ ರೂಸ್‌ವೆಲ್ಟ್ ಸರ್ಕಾರದ ಸಾಲ ಪಡೆದು ರೈತರ ಸಂಘಗಳೇ ಎಳೆದವು. 1969ರಲ್ಲಿ ಸ್ಥಾಪನೆಯಾದ ನಮ್ಮ ಗ್ರಾಮೀಣ ವಿದ್ಯುದೀಕರಣ ನಿಗಮವು ಅಮೆರಿಕದ ತಜ್ಞರ ನೆರವಿನಿಂದ ದೇಶದ ಐದು ಕಡೆ ಆ ಮಾದರಿಯನ್ನು ಪ್ರಯೋಗಿಸಿತು: ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೊಡಿನಾರ್, ಆಂಧ್ರದ ಸಿರಿಸಿಲ್ಲ, ಉತ್ತರಪ್ರದೇಶದ ಲಖನೌ ಮತ್ತು ನಮ್ಮ ಹುಕ್ಕೇರಿ. ಹುಕ್ಕೇರಿಯ ಪ್ರಯತ್ನದ ಹಿಂದೆ ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರಿದ್ದರು. ಸಕ್ಕರೆ ಕಾರ್ಖಾನೆ ಕಟ್ಟಿದವರಿಗೆ ತಂತಿ ಕಂಬಗಳು ಅಸಾಧ್ಯವೆನಿಸಲಿಲ್ಲವೆಂದು ಕಾಣುತ್ತದೆ.

ನಾನು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯವನು. ಲಕ್ಷ್ಮಣತೀರ್ಥದ ಅಣೆಕಟ್ಟೆಯ ನೀರಿನ ಬಗ್ಗೆ ನಮ್ಮ ರೈತರದು ಹಕ್ಕುದಾರನ ದನಿ. ವಿದ್ಯುತ್ತಿನ ಬಗ್ಗೆ ಅರ್ಜಿದಾರನ ದನಿ. ಹುಕ್ಕೇರಿಯ ಪ್ರಯೋಗ ಬದಲಿಸಹೊರಟಿದ್ದು ಈ ದನಿಯನ್ನೇ.

ಎಷ್ಟು ಬದಲಿಸಿತು? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲೊಂದು ತೊಡಕು ಕಾಣುತ್ತದೆ. ಸಂಘ ವಿದ್ಯುತ್ ಉತ್ಪಾದಿಸುವುದಿಲ್ಲ. ಹುಬ್ಬಳ್ಳಿಯ ಕಂಪನಿಯಿಂದ ಸಗಟಾಗಿ ಕೊಂಡು ಮಾರುತ್ತದೆ. ಕೊಳ್ಳುವ ದರ, ಮಾರುವ ದರ ಎರಡನ್ನೂ ನಿಗದಿಪಡಿಸುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಸಂಘದ ಕೈಯಲ್ಲಿ ಉಳಿಯುವುದು ಸೋರಿಕೆ ತಡೆ, ವಸೂಲಿ, ದುರಸ್ತಿ. ಬಾಕಿಯ ಭಾರ ಹೊತ್ತ ಮುಳಾ-ಪ್ರವರಾ 2011ರಲ್ಲಿ ವಿತರಣೆಯ ಹಕ್ಕು ಕಳೆದುಕೊಂಡಿತು. ಈಗ ತೆಲಂಗಾಣದಲ್ಲಿರುವ ಸಿರಿಸಿಲ್ಲ ಉಳಿಯಿತು, ಹುಕ್ಕೇರಿಯೂ ಉಳಿಯಿತು. ಇದು ಸಣ್ಣ ಸಾಧನೆಯೇನಲ್ಲ.

ಇದರ ನಡುವೆ 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೂ, 2023ರಿಂದ ‘ಗೃಹಜ್ಯೋತಿ’ಯಡಿ ಮನೆಗಳಿಗೂ ಉಚಿತ ವಿದ್ಯುತ್ ಬಂದಿದೆ. ಬಡವರಿಗೆ ಅದರಿಂದಾಗಿರುವ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸದಸ್ಯನ ಬಿಲ್ಲನ್ನು ಸರ್ಕಾರವೇ ತುಂಬುವಾಗ, ಸೋರಿಕೆ ಎಷ್ಟೆಂದು ಮಹಾಸಭೆಯಲ್ಲಿ ಎದ್ದುನಿಂತು ಕೇಳುವ ಉಮೇದು ಆತನಿಗೇಕೆ ಇದ್ದೀತು? ಅದರ ನಷ್ಟ ಆತನ ಕಿಸೆಯನ್ನು ನೇರವಾಗಿ ತಟ್ಟುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಸಂಘದ ಆಡಳಿತ ಮಂಡಳಿಗೆ ನಡೆದ ಚುನಾವಣೆ ರಾಜ್ಯದ ಗಮನ ಸೆಳೆಯಿತು. ಜಿಲ್ಲೆಯ ದೊಡ್ಡ ರಾಜಕೀಯ ಮನೆತನಗಳು ಪ್ರತಿಷ್ಠೆ ಪಣಕ್ಕಿಟ್ಟವು. ಆ ದಿನಗಳ ವರದಿಗಳನ್ನು ನಾನು ಆಸಕ್ತಿಯಿಂದ ಓದಿದೆ. ಯಾರು ಯಾರ ಬಣ ಎಂಬುದು ಚೆನ್ನಾಗಿ ತಿಳಿಯಿತು. ಸಗಟು ದರ, ಸೋರಿಕೆ, ಸರ್ಕಾರದಿಂದ ಬರಬೇಕಾದ ಸಹಾಯಧನ ಇವುಗಳ ಕುರಿತ ಚರ್ಚೆಗಾಗಿ ಹುಡುಕಿದೆ. ನಾನು ಓದಿದ ವರದಿಗಳಲ್ಲಿ ಅದು ಸಿಗಲಿಲ್ಲ.